ಮಲಿಂಚೆಗಾಗಿ ಒಂದು ಜಗಳ

ಮೊದಲೇ ಕ್ಷಮಿಸಿಬಿಡಿ. ಈ ಕಥೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬ ಅನುಮಾನದಲ್ಲೇ ಬರೆಯುತ್ತಿದ್ದೇನೆ. ನಾನು ಓದಿದ್ದೆಲ್ಲ ಸಂಜೆ ಪಾಠದಲ್ಲಿ. ಸ್ಪೇನಿನವರು ಮೆಕ್ಸಿಕೋದ ಅಜ್ಟೆಕ್ ರಾಜ್ಯವನ್ನು ಗೆದ್ದದ್ದರ ಬಗ್ಗೆ ಮಾತಾಡಲು ನಾನು ಯಾರು? ಪ್ರೀತಿಯ ಬಗ್ಗೆ ಮಾತಾಡಲಂತೂ ಇನ್ನೂ ಭಯ. ಚರಿತ್ರೆಯ ಸಂಗತಿಗಳನ್ನು ಮೂರು ಸಲ ಪುಸ್ತಕ ನೋಡಿ ಬರೆದಿದ್ದೇನೆ. ಮನಸ್ಸುಗಳನ್ನು ನೋಡಿ ಬರೆಯಲು ಯಾವ ಪುಸ್ತಕವಿದೆ...?

ಇರಲಿ. ಕಥೆ ಶುರುವಾಗಿದ್ದು ಹೊನ್ನಾಳಿಯಲ್ಲಿ.

"ಕೊರ್ಟೆಸ್ ಬರೀ ಕಳ್ಳ ಅಲ್ಲ ಕಣ್ರೀ!"

ಇನ್ನೂ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹಾಗೆಂದವನನ್ನು ಯಶೋಧರಾ ತಿರುಗಿ ನೋಡಿದಳು. ಅವಳ ಮಾತು ಅರ್ಧಕ್ಕೇ ನಿಂತಿತ್ತು. ಎರಡು ರಾತ್ರಿ ಕೂತು ಸಿದ್ಧ ಮಾಡಿಕೊಂಡಿದ್ದ ಮಾತು!

ಯಾರಿವನು? ಪಾಠಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬಂದು, ಐನೂರು ವರ್ಷದ ಹಿಂದೆ ಸ್ಪೇನಿನ ದಂಡು ಕಟ್ಟಿಕೊಂಡು ಹೋದ ಆ ಕೊಲೆಗಾರನಿಗೆ ವಕಾಲತ್ತು ಬೇರೆ!

"ಬಾರಪ್ಪ ಸತೀಶ್ ಕುಮಾರ," ಎಂದರು ಬೋರಣ್ಣ ಮೇಷ್ಟ್ರು ನಗುತ್ತಾ. "ಸ್ಪೇನ್ ಪರ ಮಾತಾಡಾಕೆ ಯಾರೂ ಸಿಕ್ಕಿರಲಿಲ್ಲ. ಲೇಟಾಗಿ ಬಂದೋರಿಗೆ ಸ್ಪೇನ್!"

ನಿವೃತ್ತರಾದ ಮೇಲೆ ಬೋರಣ್ಣನವರು ಹೊನ್ನಾಳಿಯ ಒಂದು ಹೋಟೆಲಿನ ಮಹಡಿಯಲ್ಲಿ, ಕೆಲಸ ಮಾಡುತ್ತಲೇ ಡಿಗ್ರಿ ಪರೀಕ್ಷೆಗೆ ಕಟ್ಟಿದವರಿಗೆ ಶನಿವಾರ, ಭಾನುವಾರ ಸಂಜೆ ಇತಿಹಾಸ ಹೇಳಿಕೊಡುತ್ತಿದ್ದರು. ವರ್ಷಕ್ಕೊಮ್ಮೆ ಮೂರು ಊರುಗಳಲ್ಲಿ ಚರ್ಚಾ ಸ್ಪರ್ಧೆ ನಡೆಸುವುದು ಅವರ ಹುಚ್ಚು. ಈ ಸಲ ಅಜ್ಟೆಕ್ ವಿಷಯ ಯಾಕೆ ಎಂದು ಕೇಳಿದರೆ, "ನಮ್ಮೂರ ವಿಷಯ ಕೊಟ್ರೆ ಹೊಡೆದಾಡ್ತೀರಿ. ಮೆಕ್ಸಿಕೋದಲ್ಲಿ ಯಾರಿಗೂ ನೆಂಟರಿಲ್ಲ," ಎಂದಿದ್ದರು.

ಅವರ ಚರ್ಚೆಗೆ ಒಂದು ನಿಯಮವಿತ್ತು. ಎದುರಾಳಿಗೆ ಉತ್ತರ ಕೊಡುವ ಮೊದಲು ಅವರ ಮಾತನ್ನು ಅವರಿಗೇ ತಿರುಗಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಇದನ್ನೇ" ಎಂದರೆ ಮಾತ್ರ ಮುಂದೆ ಬಾಯಿ ತೆರೆಯಬಹುದು.

ಈ ನಿಯಮವೇ ಆ ಸಂಜೆ ಸತೀಶನ ಪ್ರಾಣ ತಿಂದಿತು.

"ಇವರು ಹೇಳ್ತಿರೋದು ಏನಂದ್ರೆ, ಅಜ್ಟೆಕ್‌ರು ಪಾಪದೋರು..." ಎಂದು ಅವನು ಶುರು ಮಾಡಿದ.

"ಅದಲ್ಲ," ಎಂದಳು ಯಶೋಧರಾ.

"ಸರಿ. ಅಜ್ಟೆಕ್‌ರು ನರಬಲಿ ಕೊಡ್ತಿದ್ರು, ಆದ್ರೂ ಪರವಾಗಿಲ್ಲ..."

"ಅದೂ ಅಲ್ಲ! ಬಲಿ ಕೊಡೋದು ತಪ್ಪೇ. ಒಬ್ಬರ ತಪ್ಪು ತೋರಿಸಿ ಅವರ ಊರನ್ನೇ ಸುಡಬಹುದಾ ಅಂತ ನಾನು ಕೇಳಿದ್ದು."

"ಅಯ್ಯೋ, ಅದನ್ನೇ ಅಲ್ವೇನ್ರೀ ನಾನು ಹೇಳ್ತಿರೋದು!"

"ಅಲ್ಲ."

ಏಳು ಸಲ! ಏಳು ಸಲ "ಅಲ್ಲ" ಎಂದಳು. ಹಿಂದಿನ ಬೆಂಚಿನಿಂದ ಅಂಗನವಾಡಿ ಶಿಕ್ಷಕಿ ಗಾದ್ರಮ್ಮ ಕೂಗಿದಳು: "ಹೌದು ಅಂದುಬಿಡೇ ತಾಯಿ! ನನ್ನ ಬಸ್ಸು ಹೋಗ್ತದೆ! ಆ ತೆನೊ... ತೆನೊಚ್ಟಿ... ಆ ಅಜ್ಟೆಕ್‌ರ ಪಟ್ಟಣ ಬಿದ್ದು ಐನೂರು ವರ್ಷ ಆತು, ಇನ್ನೊಂದು ವಾರ ತಡೀತದೆ!"

ಎಲ್ಲರೂ ನಕ್ಕರು. ಸತೀಶನೂ ನಕ್ಕ. ಯಶೋಧರಾ ನಗಲಿಲ್ಲ. ಅವನ ನಗು ಚೆನ್ನಾಗಿದೆ ಎಂದು ಅನ್ನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು!

ಯಶೋಧರಾಳ ಊರು ಜಗಳೂರು. ನ್ಯಾಮತಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಅಲ್ಲೇ ಒಂದು ಕೋಣೆ. ಸತೀಶ ಚನ್ನಗಿರಿಯವನು. ತಂದೆ ಶಿವಮೂರ್ತಪ್ಪನವರ ಅಡಿಕೆ ಮಂಡಿಯಲ್ಲಿ ಹಗಲೆಲ್ಲ ಅಡಿಕೆಯ ಬಣ್ಣ, ಗಾತ್ರ ನೋಡಿ ವಿಂಗಡಿಸುವುದು ಅವನ ಕೆಲಸ. "ಅಡಿಕೆ ಆದ್ರೆ ಒಂದೇ ನೋಟಕ್ಕೆ ಗೊತ್ತಾಗ್ತದೆ. ನೀವೇ ಗೊತ್ತಾಗವಲ್ರಿ," ಎಂದ ಒಂದು ದಿನ, ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿಯ ಪೊಟ್ಟಣ ಮುಂದೆ ಚಾಚಿ.

"ಪುಸ್ತಕದಾಗಿನ ಸ್ಪೇನೇ ನಿಮಗೆ ಗೊತ್ತಾಗಿಲ್ಲ. ನಾನು ಗೊತ್ತಾಗ್ತೀನಾ?"

"ಹಂಗಾದ್ರೆ ಹೇಳಿಕೊಡ್ರಿ ಮೇಡಂ. ಫೀಸ್ ಒಂದು ಮೆಣಸಿನಕಾಯಿ."

ಅವಳು ಮೆಣಸಿನಕಾಯಿ ಬಜ್ಜಿಯನ್ನು ತೆಗೆದುಕೊಂಡಳು. ಹಾಗೆ ವಾರಕ್ಕೆರಡು ಸಂಜೆ, ಮೂರು ತಿಂಗಳು... ಕೊರ್ಟೆಸ್‌ನ ಜೊತೆ ಬಂದವರು ಐನೂರು ಚಿಲ್ಲರೆ ಜನ ಮಾತ್ರ, ಅವನನ್ನು ಗೆಲ್ಲಿಸಿದ್ದು ಅಜ್ಟೆಕ್‌ರ ಮೇಲೆ ಹಗೆಯಿದ್ದ ನೆರೆಯ ತ್ಲಾಸ್ಕಾಲಾ ರಾಜ್ಯದ ಸಾವಿರಾರು ಸೈನಿಕರು ಎಂದು ಅವನು. ಅವರಿಗೂ ಕೊನೆಗೆ ಸಿಕ್ಕಿದ್ದು ಸಿಡುಬು ಮತ್ತು ಹೊಸ ದೊರೆ ಎಂದು ಅವಳು. ಮುಂದಿನ ಬಸ್ಸು ಬರುವವರೆಗೆ ಜಗಳ. ಬಂದ ಬಸ್ಸನ್ನು ಇಬ್ಬರೂ ಸಿಟ್ಟಿನಲ್ಲೇ ಬಿಟ್ಟುಬಿಡುತ್ತಿದ್ದರು!

ಒಂದು ಸಂಜೆ ಮಾತು ಮಲಿಂಚೆಯ ಬಗ್ಗೆ ಬಂತು. ಗುಲಾಮಳಾಗಿ ಕೊರ್ಟೆಸ್‌ನ ಕೈ ಸೇರಿದ ಹುಡುಗಿ, ಅವನ ದುಭಾಷಿ. ಕೊರ್ಟೆಸ್ ಅವಳನ್ನು ತನ್ನ 'ನಾಲಿಗೆ' ಎಂದು ಬರೆದ. ಆಮೇಲಿನ ಜನ ಅವಳನ್ನು ದ್ರೋಹಿ ಎಂದರು.

"ದ್ರೋಹಿನೇ ಅಲ್ವಾ?" ಎಂದ ಸತೀಶ.

ಯಶೋಧರಾ ಕೈಗಂಟಿದ ಮಂಡಕ್ಕಿಯನ್ನು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

"ನಮ್ಮಜ್ಜಿಗೆ ಹದಿನಾರು ವರ್ಷ ಇದ್ದಾಗ ಶೇಂಗಾ ಕೀಳೋ ಕೂಲಿ ಹೆಚ್ಚು ಮಾಡ್ರಿ ಅಂತ ನಮ್ಮ ಕೇರಿಯೋರು ಕೆಲಸ ನಿಲ್ಲಿಸಿದ್ರಂತೆ. ಬಾಯಿ ಚುರುಕು ಅಂತ ಅಜ್ಜಿನೇ ಗೌಡರ ಮನೆಗೆ ಮಾತಾಡಾಕೆ ಕಳಿಸಿದ್ರು. ಒಳಗೆ ಹೋದಳು. ಹೊರಗೆ ಬಂದು, 'ನಾಳೆಯಿಂದ ಹಳೇ ಕೂಲಿಗೇ ಹೋಗಾಣ' ಅಂದಳು. ಯಾಕೆ ಅಂತ ಇವತ್ತಿಗೂ ಹೇಳಿಲ್ಲ. ಅವತ್ತಿಂದ ಅವಳನ್ನ 'ಗೌಡರ ನಾಲಿಗೆ' ಅಂತಾರೆ."

ಸತೀಶ ಮಂಡಕ್ಕಿಯ ಪೊಟ್ಟಣವನ್ನು ಮಡಿಚಿ ಜೇಬಿಗಿಟ್ಟುಕೊಂಡ. ಆ ಮೌನವನ್ನು ನಂಬಿ ಅವಳು ಆ ದಿನ ಬಸ್ಸು ಹತ್ತಿದಳು. 'ಇವನಿಗೆ ಅರ್ಥವಾಯಿತು' ಎಂದುಕೊಂಡಳು. ಪಾಪ!

ಚನ್ನಗಿರಿಯ ಸುತ್ತಿನಲ್ಲಿ ಸಭಾಂಗಣ ತುಂಬಿತ್ತು. ಸತೀಶನ ಮಾತು ಸೋಲುವ ಹಾದಿಯಲ್ಲಿತ್ತು. ತೀರ್ಪುಗಾರರು ಆಕಳಿಸಿದರು. ಆಗ ಅವನು ಹೇಳಿದ:

"ಸ್ಪೇನ್ ಒಂದನ್ನೇ ಯಾಕೆ ಬೈತೀರಿ? ಒಳಗಿನೋರೇ ಬಾಗಿಲು ತೆಗೀಲಿಲ್ವಾ? ಮಲಿಂಚೆ ಮೆಕ್ಸಿಕೋದಾಗೆ ಮಾತ್ರ ಇಲ್ಲ. ಜಗಳೂರು ಸೀಮೆಯಲ್ಲೇ ಒಬ್ಬಳಿದ್ಲು. ಜನ ಅವಳನ್ನ 'ಗೌಡರ ನಾಲಿಗೆ' ಅಂತಿದ್ರು!"

ಸಭೆ ಗೊಳ್ಳೆಂದು ನಕ್ಕಿತು. ಚಪ್ಪಾಳೆ ಬಿತ್ತು.

ಯಶೋಧರಾಳ ಹಿಂದಿನ ಸಾಲಿನಲ್ಲಿದ್ದ ಹೊನ್ನೂರಮ್ಮ, ಅವಳ ಕೇರಿಯಿಂದ ಚನ್ನಗಿರಿಗೆ ಮದುವೆಯಾಗಿ ಬಂದವಳು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ... ಅದು ನಿಮ್ಮ ಅಂತರಘಟ್ಟಮ್ಮಜ್ಜಿ ಕಥೆ ಅಲ್ವೇನೇ?"

ಸತೀಶನಿಗೆ ಆ ಸುತ್ತಿನ ಮೊದಲ ಬಹುಮಾನ. ಅವನು ಕಪ್ ಹಿಡಿದು ನೇರ ಅವಳ ಹತ್ತಿರ ಓಡಿ ಬಂದ, ಮುಖದ ತುಂಬ ನಗು! "ನೋಡಿದ್ರಾ? ನಿಮ್ಮಿಂದಲೇ ಗೆದ್ದೆ!"

"ಹೌದು," ಎಂದಳು ಅವಳು. "ನನ್ನಿಂದಲೇ."

"ಯಾಕ್ರೀ... ಅಳ್ತಿದೀರಾ? ಹೆಸರು ಹೇಳಲಿಲ್ವಲ್ರೀ ನಾನು!"

ಹೆಸರು ಹೇಳಲಿಲ್ಲವಂತೆ! ಅವಳಿಗೆ ಆ ಕಪ್ಪನ್ನು ತೆಗೆದು ಅವನ ತಲೆಯ ಮೇಲೇ ಬೋರಲು ಹಾಕಬೇಕೆನ್ನಿಸಿತು.

ಆಮೇಲೆ ಮೆಸೇಜುಗಳು ಶುರುವಾದವು. 'ಬೇಜಾರಾಗಿದ್ರೆ ಸಾರಿ.' 'ತಪ್ಪಾಗಿದ್ರೆ ಸಾರಿ.' 'ಹಂಗೆ ಅನ್ನಿಸಿದ್ರೆ ಸಾರಿ ರೀ.' ಮೂರು ವಾರದಲ್ಲಿ ಹದಿನಾಲ್ಕು! ಆಗಿದ್ದರೆ, ಅನ್ನಿಸಿದ್ದರೆ... ಆಗಿದೆ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದ. ಅವಳು ಒಂದಕ್ಕೂ ಉತ್ತರ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಬಂದ ಬಸ್ಸನ್ನೇ ಹತ್ತಿದಳು. ಕಿಟಕಿಯ ಪಕ್ಕ ಕೂತು ತನ್ನ ಮೇಲೂ ಸಿಟ್ಟಾದಳು. ಇಷ್ಟಾದರೂ ಮಂಡಕ್ಕಿಯ ವಾಸನೆಗೆ ಕತ್ತು ಯಾಕೆ ಹಿಂದಕ್ಕೆ ತಿರುಗುತ್ತದೆ?

ಕೊನೆಯ ಸುತ್ತು ಜಗಳೂರಿನಲ್ಲಿ. ವಿಷಯ: ಐನೂರು ವರ್ಷದ ಹಿಂದಿನ ತಪ್ಪಿಗೆ ಇಂದಿನ ಸ್ಪೇನ್ ಕ್ಷಮೆ ಕೇಳಬೇಕೇ?

ಯಶೋಧರಾಳಿಗೆ 'ಕೇಳಬೇಕು' ಚೀಟಿ. ಸತೀಶನಿಗೆ 'ಬೇಕಿಲ್ಲ'. ಮುಂದಿನ ಸಾಲಿನಲ್ಲಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅಂತರಘಟ್ಟಮ್ಮಜ್ಜಿ! ಯಶೋಧರಾ ಚೀಟಿಯನ್ನು ಮುದುರಿದಳು. ಅಂದರೆ ಹೊನ್ನೂರಮ್ಮ ಅಜ್ಜಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. ಇವನು ಗೆಲ್ಲುವ ಆಸೆಗೆ ಅಜ್ಜಿಯ ಎದುರೇ, ಅಜ್ಜಿಯ ಊರಲ್ಲೇ, ಆ ಮಾತನ್ನು ಮತ್ತೆ ಎತ್ತಿದರೆ? ಅಜ್ಜಿ ಅರವತ್ತು ವರ್ಷ ನುಂಗಿಕೊಂಡದ್ದು ಒಂದೇ ನಿಮಿಷಕ್ಕೆ ನಗೆಯಾಗುತ್ತದೆ. ಆಮೇಲೆ ಇವನ ಮುಖ ಯಾವತ್ತೂ ನೋಡುವುದಿಲ್ಲ. ಯಾವತ್ತೂ!

ಅವಳು ಮಾತಾಡಿದಳು.

"ಕೊಂದೋರೂ ಇಲ್ಲ, ಸತ್ತೋರೂ ಇಲ್ಲ, ಈಗ ಕ್ಷಮೆ ಯಾಕೆ ಅಂತ ಕೇಳ್ತಾರೆ. ಕ್ಷಮೆ ಅಂದ್ರೆ 'ಸಾರಿ' ಅಲ್ಲ. ನಾವು ಏನು ಮಾಡಿದ್ವಿ ಅಂತ ಬಾಯಿಬಿಟ್ಟು ಹೇಳೋದು. 'ನಿಮಗೆ ನೋವಾಗಿದ್ರೆ' ಅಂತ ಅಲ್ಲ, 'ನಾವು ನೋಯಿಸಿದ್ವಿ' ಅಂತ. ಅದನ್ನ ಹೇಳೋವರೆಗೂ ಗೆದ್ದೋರ ಬಾಯಲ್ಲೇ ಸೋತೋರ ಕಥೆ ಉಳೀತದೆ."

ಸತೀಶ ಎದ್ದ. ನಿಯಮ ಇತ್ತಲ್ಲ, ಮೊದಲು ಅವಳ ಮಾತನ್ನು ಅವಳಿಗೇ ಹೇಳಬೇಕು.

"ಯಶೋಧರಾ ಅವರ ಪ್ರಕಾರ, ಸ್ಪೇನ್ ಒಂದು ಪತ್ರ ಬರೆದ್ರೆ ಎಲ್ಲ ಸರಿ ಹೋಗ್ತದೆ..."

"ಅದಲ್ಲ."

"ಇವರು ಹೇಳ್ತಿರೋದು, ಮೊಮ್ಮಕ್ಕಳೂ ತಪ್ಪಿತಸ್ಥರೇ ಅಂತ..."

"ಅದೂ ಅಲ್ಲ."

ಬೋರಣ್ಣ ಮೇಷ್ಟ್ರು ಗಡಿಯಾರ ನೋಡಿದರು. ಗಾದ್ರಮ್ಮ ಈ ಸಲ ಏನೂ ಕೂಗಲಿಲ್ಲ.

ಸತೀಶ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟ. ಒಮ್ಮೆ ಮುಂದಿನ ಸಾಲಿನ ಕಡೆ ನೋಡಿದ. ಯಶೋಧರಾ ತಲೆ ಅಲ್ಲಾಡಿಸಿದಳು. ಬೇಡ... ಹೇಳಬೇಡ...

"ಚನ್ನಗಿರಿಯಲ್ಲಿ ನಾನು ಒಂದು ಕಥೆ ಹೇಳಿದೆ," ಎಂದ ಅವನು. "ಯಾವ ಕಥೆ ಅಂತ ಇಲ್ಲಿ ಹೇಳಲ್ಲ. ಅದು ನಂದಲ್ಲ. ನಂಬಿ ನನ್ನ ಕಿವಿಗೆ ಹಾಕಿದ್ದನ್ನ ನಾನು ಮೈಕಿಗೆ ಹಾಕಿದೆ. ಜನ ನಕ್ಕರು. ನಾನು ಕಪ್ ತಗೊಂಡೆ. ಆಮೇಲೆ ಹದಿನಾಲ್ಕು ಸಲ 'ಬೇಜಾರಾಗಿದ್ರೆ' ಅಂತ ಬರೆದೆ, ಒಂದು ಸಲಾನೂ 'ನಾನು ಮಾಡಿದೆ' ಅಂತ ಬರೀಲಿಲ್ಲ. ಇವರು ಹೇಳ್ತಿರೋದು ಇದು. ನಾನು ಮಾಡಿದೆ."

ಸಭೆಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವಳಿಗೆ ಆಯಿತು.

"ಹೌದು," ಎಂದಳು ಯಶೋಧರಾ. ಕಣ್ಣು ತುಂಬಿತ್ತು. "ನಾನು ಹೇಳಿದ್ದು ಇದನ್ನೇ."

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಮೇಷ್ಟ್ರೇ," ಎಂದು ಅವನು ಕೂತುಬಿಟ್ಟ. ಅಂತಿಮ ಸುತ್ತಿನಲ್ಲಿ ಸ್ಪೇನ್ ಸೋತಿತು!

ಹೊರಗೆ ಬೇವಿನ ಮರದ ಕೆಳಗೆ ಸತೀಶ ಅಜ್ಜಿಯ ಎದುರು ಕೈಕಟ್ಟಿ ನಿಂತ.

"ನನ್ನ ಕಥೆ ಹೇಳಿ ಕಪ್ ತಗೊಂಡೋನು ನೀನೇ ಏನಪ್ಪ?"

"ಹೌದಜ್ಜಿ. ನಾನೇ. ತಪ್ಪು ಮಾಡಿದೆ."

"ಕಪ್ ತಂದೀಯ?"

"ಇಲ್ಲ ಅಜ್ಜಿ..."

"ತರಬೇಕಿತ್ತು. ಅಕ್ಕಿ ಅಳೆಯಾಕೆ ಆಗ್ತಿತ್ತು." ಅಜ್ಜಿ ಊರುಗೋಲನ್ನು ಮೊಮ್ಮಗಳ ಕಡೆ ತಿರುಗಿಸಿದಳು. "ಅದಿರ್ಲಿ, ಇವನಿಗೆ ಹೇಳು ಅಂತ ನಿನಗೆ ಯಾರೇ ಹೇಳಿದ್ರು?"

ಯಶೋಧರಾ ಬೆಚ್ಚಿದಳು. ಮೂರು ವಾರ ಅವನ ಮೇಲೆ ಉರಿದಿದ್ದಳು. ಆದರೆ ಆ ಕಥೆ ಅವಳದ್ದಾಗಿತ್ತೇ? ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಬಿಚ್ಚುವ ಮೊದಲು ಅಜ್ಜಿಯನ್ನು ಕೇಳಿದ್ದಳೇ?

"ನಾನೂ ತಪ್ಪು ಮಾಡಿದೆ ಅಜ್ಜಿ. ನಿನ್ನ ಕೇಳದೇ ಹೇಳಿದೆ." ಅವಳು ಅಜ್ಜಿಯ ಹತ್ತಿರ ಬಂದಳು. "ಅವತ್ತು ಗೌಡರ ಮನೆಯೊಳಗೆ ಏನಾತು ಅಜ್ಜಿ? ಈಗಲಾದ್ರೂ..."

"ನೋಡು! ಮತ್ತೆ ಕೇಳ್ತಾಳೆ," ಎಂದು ಅಜ್ಜಿ ಚೀಲ ಹೆಗಲಿಗೇರಿಸಿದಳು. "ಹಸಿವಾಗೈತೆ. ಇಬ್ರೂ ಬರ್ರಿ ಮನೆಗೆ. ರೊಟ್ಟಿ ಆರ್ತವೆ." ಊರುಗೋಲು ಟಕ್ ಟಕ್ ಎನ್ನುತ್ತ ಮುಂದೆ ಹೋಯಿತು.

ಇಬ್ಬರೂ ಹಿಂದೆ ಉಳಿದರು.

"ಈಗ ನಿಮ್ಮ ಸರದಿ," ಎಂದ ಸತೀಶ ಮೆಲ್ಲಗೆ. "ನನ್ನ ಮಾತನ್ನ ನೀವು ಹೇಳಬೇಕು. ನಿಯಮ."

"ನೀವಿನ್ನೂ ಏನೂ ಹೇಳೇ ಇಲ್ವಲ್ರೀ!"

"ನಿಮ್ಮ ಜೊತೆ ಜಗಳಾಡಾಕೆ ಮೂರು ತಿಂಗಳು ಬಂದ ಬಸ್ಸೆಲ್ಲ ಬಿಟ್ಟೆ. ಚನ್ನಗಿರಿ ಬಸ್ಸು ಗಂಟೆಗೊಂದು."

ಯಶೋಧರಾ ನೆಲ ನೋಡಿದಳು. ಕೆನ್ನೆ ಬಿಸಿಯಾಯಿತು. ಎಂಥಾ ಹಟಮಾರಿ ಇವನು! ಇದನ್ನೂ ನನ್ನ ಬಾಯಲ್ಲೇ ಹೇಳಿಸುತ್ತಾನೆ!

"ಸತೀಶ್ ಕುಮಾರ್ ಹೇಳಾಕೆ ಬಂದಿರೋದು ಏನಂದ್ರೆ... ಈ ಹುಡುಗಿ ಜೀವನ ಪೂರ್ತಿ 'ಅದಲ್ಲ, ಅದಲ್ಲ' ಅಂತಾನೇ ಇದ್ರೂ, ನಾನು ಬೇಜಾರಾಗದೇ ಮೊದಲಿಂದ ಹೇಳ್ತೀನಿ ಅಂತ."

"ಅದಲ್ಲ," ಎಂದ ಅವನು.

ಅವಳು ಗಾಬರಿಯಿಂದ ತಲೆಯೆತ್ತಿದಳು.

"ಬೇಜಾರಾಗ್ತದೆ. ತುಂಬಾ ಬೇಜಾರಾಗ್ತದೆ. ಆದ್ರೂ ಹೇಳ್ತೀನಿ."

ಅವಳು ನಕ್ಕಳು. ಮೂರು ವಾರದ ಮೇಲೆ, ಅಳುತ್ತಲೇ ನಕ್ಕಳು. "ಬೇಜಾರಾದ್ರೂ ಹೇಳ್ತೀನಿ... ಸರೀನಾ?"

"ಹೌದು. ನಾನು ಹೇಳಿದ್ದು ಇದನ್ನೇ."

ಇಷ್ಟೇ ನನಗೆ ತಿಳಿದದ್ದು. ಜಗಳೂರಿನ ಕೂಲಿಯವರ ಕೇರಿಯ ಹುಡುಗಿಯ ಈ ವಿಷಯವನ್ನು ಸತೀಶ ಚನ್ನಗಿರಿಯ ಮನೆಯಲ್ಲಿ ತಾಯಿ ಸರ್ವಮಂಗಳಮ್ಮನ ಮುಂದೆ ಹೇಳಿದಾಗ ಅವರು ಏನೆನ್ನುತ್ತಾರೋ, ನನಗೆ ಗೊತ್ತಿಲ್ಲ. ಮಲಿಂಚೆ ತನ್ನ ಬಗ್ಗೆ ಒಂದು ಸಾಲನ್ನೂ ಬರೆದಿಟ್ಟು ಹೋಗಿಲ್ಲ, ಹಾಗಾಗಿ ಅವಳ ಮನಸ್ಸು ಯಾರಿಗೂ ಗೊತ್ತಿಲ್ಲ. ಹದಿನಾರರ ಅಂತರಘಟ್ಟಮ್ಮ ಆ ಮನೆಯೊಳಗೆ ಏನು ಕೇಳಿಸಿಕೊಂಡು ಹೊರಗೆ ಬಂದಳು ಎಂಬುದು ಅಜ್ಜಿಗೊಬ್ಬಳಿಗೇ ಗೊತ್ತು. ಅವಳು ಆ ಸಂಜೆಯೂ ಹೇಳಲಿಲ್ಲ. ಅವರಿಬ್ಬರೂ ಮತ್ತೆ ಕೇಳಲಿಲ್ಲ.