ಬಲಗಾಲಿಯ ಹಬ್

ಅಪ್ಪ ಜಿನ್ನಪ್ಪ ತೀರಿಕೊಂಡ ಮೇಲೆ ಹೊಲ ಹಂಚಲು ಚೀಟಿ ಎತ್ತಿಸಿದರು. ಜುಗೂಳದ ಹೊಳೆದಂಡೆಯ ಕರಿನೆಲ ತಮ್ಮ ಭರತನಿಗೆ ಬಂತು. ಪಾರಿಸನಿಗೆ ಬಂದದ್ದು ಮಡ್ಡಿ, ಗುದ್ದಲಿ ಹಾಕಿದರೆ ಕಿಡಿ ಹಾರುವ ಕಲ್ಲುನೆಲ. ಊರವರು ನಾಲ್ಕು ದಿನ ಆಡಿಕೊಂಡು ಮರೆತರು. ಪಾರಿಸ ಮರೆಯಲಿಲ್ಲ. ಬೆಳಿಗ್ಗೆ ಮಡ್ಡಿಯ ಮೇಲೆ ನಿಂತು ಕೆಳಗೆ ತಮ್ಮನ ಕಬ್ಬು ಆಳೆತ್ತರ ತೂಗುವುದನ್ನು ಕಂಡಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಸರಿಸಮವಾಗಿ ಹಂಚಿಕೆಯಾದದ್ದು ಟ್ರ್ಯಾಕ್ಟರ್ ಮಾತ್ರ. ಅಪ್ಪ ಜೋಡೆತ್ತು ತಂದ ಹಾಗೆ ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ಮಾದರಿಯ ಎರಡು ಟ್ರ್ಯಾಕ್ಟರ್ ತಂದಿದ್ದ. ಅಣ್ಣನಿಗೊಂದು, ತಮ್ಮನಿಗೊಂದು. ಈಗ ಎರಡಕ್ಕೂ ಮುಪ್ಪು ಬಂದು, ಒಂದು ಕೆಮ್ಮಿದರೆ ಇನ್ನೊಂದು ನರಳುತ್ತಿತ್ತು.

ಭರತನಿಗೆ ಮದುವೆಯಾಗಿರಲಿಲ್ಲ. ತಾಯಿಯೂ ಇರಲಿಲ್ಲ. ಅವನಿಗೇನಾದರೂ ಆದರೆ ಕರಿನೆಲ ಅಣ್ಣನಿಗಲ್ಲದೆ ಇನ್ಯಾರಿಗೆ? ಈ ಯೋಚನೆಯನ್ನು ಪಾರಿಸ ಬಹುಕಾಲ ಬರಿದೆ ಚಪ್ಪರಿಸುತ್ತ ಕೂತಿದ್ದ. ಅಷ್ಟರಲ್ಲಿ ಚಿಕ್ಕೋಡಿಯ ಪ್ರಾಜಕ್ತಾ ಎಂಬ ಹುಡುಗಿಯ ಜೊತೆ ಭರತನ ಲಗ್ನ ಗೊತ್ತಾಯಿತು. ಕಬ್ಬಿನ ಹಂಗಾಮು ಮುಗಿದ ಕೂಡಲೇ ಜೋಡಿಯ ತಲೆಗೆ ಅಕ್ಕಿಕಾಳು. ಆಮೇಲೆ ಆ ನೆಲಕ್ಕೆ ಹೆಂಡತಿ ಬರುತ್ತಾಳೆ, ಮಕ್ಕಳು ಬರುತ್ತವೆ. ಅಣ್ಣ ಮಡ್ಡಿಯ ಮೇಲೆಯೇ ಸಾಯಬೇಕು.

ಹಾಗಂತ ಪಾರಿಸ ತನ್ನನ್ನು ಕೊಲೆಗಡುಕ ಎಂದುಕೊಂಡವನಲ್ಲ. ನೀರು ಸೋಸಿ ಕುಡಿಯುವವನು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದವನು, ಇರುವೆಸಾಲು ಕಂಡರೆ ಕಾಲೆತ್ತಿ ದಾಟುವವನು. ತನ್ನ ಕೈಯಿಂದ ಹಿಂಸೆಯಾಗಬಾರದು. ಆದರೆ ತಾನಾಗಿ ಆಗುವುದನ್ನು ತಡೆಯುವುದಕ್ಕೆ ತಾನ್ಯಾರು?

ದಾರಿ ತೋರಿಸಿದವನು ಭರತನೇ. ಒಂದು ಬೆಳಿಗ್ಗೆ ಬಂದು ಕಟ್ಟೆಯ ಮೇಲೆ ಕೂತು, "ಅಣ್ಣಾ, ನನ್ನ ಟ್ರ್ಯಾಕ್ಟರಿನ ಹಿಂದಿನ ಗಾಲಿ ಎರಡೂ ಅಲ್ಲಾಡಾಕತ್ತಾವು. ಬ್ಯಾರೇದವರ ಕೈಯಾಗ ಕೊಡಾಕ ಮನಸ್ಸಿಲ್ಲ. ನೀನ ನೋಡು," ಎಂದ.

ಪಾರಿಸ ಹುಡುಗನಾಗಿದ್ದಾಗ ನಿಪ್ಪಾಣಿಯ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಒಮ್ಮೆ ಗಾಲಿ ಅಲ್ಲಾಡಿಸಿ ನೋಡಿದ ಕೂಡಲೇ ರೋಗ ತಿಳಿಯಿತು. ಗಾಲಿಯನ್ನು ಆಕ್ಸಲ್ಲಿಗೆ ಹಿಡಿದಿಡುವ ಹಬ್, ದಪ್ಪ ಬಟ್ಟಲಿನಂಥ ಬೀಡುಕಬ್ಬಿಣದ ಭಾಗ, ಎರಡೂ ಕಡೆ ಸವೆದಿತ್ತು. ಬೇರೆ ಹಬ್ ಹಾಕಬೇಕು. ತಾನೇ ನಿಪ್ಪಾಣಿಯಿಂದ ತರುತ್ತೇನೆ ಎಂದು ತಮ್ಮನಿಗೆ ಹೇಳುವಾಗಲೇ ಅವನ ಮನಸ್ಸಿನಲ್ಲಿ ಎಲ್ಲವೂ ಜೋಡಣೆಯಾಗಿತ್ತು.

ಅರದಿಂದ ಕೊಯ್ದರೆ ಗುರುತು ಉಳಿಯುತ್ತದೆ. ನಟ್ಟು ಸಡಿಲ ಬಿಟ್ಟರೆ ಬಿಗಿದವನ ಹೆಸರು ಬರುತ್ತದೆ. ತಾನಾಗಿ ಬಿರಿದ ಬೀಡಿಗೆ ಮಾತ್ರ ಯಾರ ಹೆಸರೂ ಅಂಟುವುದಿಲ್ಲ. ಹಳೆಯ ಗಾಡಿ, ಹಳೆಯ ಕಬ್ಬಿಣ, ಹಣೆಬರಹ ಎಂದು ಜನ ಬೆಂಕಿ ಕೊಟ್ಟು ಬರುತ್ತಾರೆ.

ನಿಪ್ಪಾಣಿಯ ಗುಜರಿ ಅಂಗಡಿಯಲ್ಲಿ ಹಳೆಯ ಹಬ್‌ಗಳ ರಾಶಿ ಇತ್ತು. ಅಂಗಡಿಯವನು ಚಹಾಕ್ಕೆಂದು ಎದ್ದುಹೋದಾಗ ಪಾರಿಸ ಒಂದೊಂದನ್ನೇ ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ಬಡಿದ. ಗಟ್ಟಿ ಹಬ್ ಗುಡಿಯ ಗಂಟೆಯಂತೆ ಠಣ್ ಎನ್ನುತ್ತದೆ, ದನಿ ಬಹಳ ಹೊತ್ತು ನಿಲ್ಲುತ್ತದೆ. ಬಂದ ಗಿರಾಕಿಗಳೆಲ್ಲ ಹುಡುಕುವುದು ಆ ದನಿಯನ್ನು. ಅವನೂ ಅಂಥದ್ದೊಂದನ್ನು ಆರಿಸಿ ಎಡಗಾಲಿಗೆಂದು ತೆಗೆದಿಟ್ಟ. ಬಲಗಾಲಿಗೆ ಬೇಕಾದದ್ದು ಸಿಗಲು ರಾಶಿಯ ತಳ ಮುಟ್ಟಬೇಕಾಯಿತು. ಕಣ್ಣಿಗೆ ಏನೂ ಕಾಣದು, ಉಗುರಿಗೂ ಸಿಗದು. ಬಡಿದರೆ ಮಾತ್ರ ಠಪ್ ಎಂದು ಅಲ್ಲೇ ಸತ್ತುಹೋಗುವ ದನಿ. ಒಳಗೆಲ್ಲೋ ಬಿರುಕಿತ್ತು. ಮನೆಗೆ ತಂದು ಅದಕ್ಕೆ ಚೆಂದಗೆ ಕೆಂಪು ಬಣ್ಣ ಹೊಡೆದ.

ಕೆಲಸ ಮಾಡಿದ್ದು ಹಾಡಹಗಲಲ್ಲಿ, ಭರತನ ಎದುರಿಗೇ. ಬಚ್ಚಿಟ್ಟು ಮಾಡಿದರೆ ತಾನೇ ಸಂಶಯ! ಭರತ ನಟ್ಟು ತಿರುಗಿಸುವ ಪಾನಾ ಕೈಗೆ ಕೊಡುತ್ತ ಮಗುವಿನ ಹಾಗೆ ಕೇಳುತ್ತಿದ್ದ, ಪಾರಿಸ ಗುರುವಿನ ಹಾಗೆ ಹೇಳುತ್ತಿದ್ದ. ಆಕ್ಸಲ್ಲಿನ ಕೆಳಗೆ ಮರದ ದಿಮ್ಮಿ ಹೇಗೆ ಕೊಡಬೇಕು, ಹಬ್ ಹೇಗೆ ಎಳೆಯಬೇಕು, ಎಣ್ಣೆ ತಡೆಯುವ ಸೀಲಿನ ತುಟಿ ಯಾವ ಕಡೆ ಇರಬೇಕು, ಗ್ರೀಸು ಎಷ್ಟು ತುಂಬಬೇಕು, ನಟ್ಟು ಬಿಗಿದ ಮೇಲೆ ಪಿನ್ನು ಹೇಗೆ ಬಾಗಿಸಬೇಕು. ಹಬ್ ಕೂರಿಸುವಾಗ ಕಬ್ಬಿಣದ ಸುತ್ತಿಗೆ ಮುಟ್ಟದೆ ಮರದ ಕೊಡತಿ ಬಳಸಿದ. ತಮ್ಮನ ಕಿವಿಗೆ ಯಾವ ದನಿಯೂ ಬೀಳಬಾರದು.

ಪಕ್ಕದಲ್ಲಿ ನಿಂತಿದ್ದ ಅಣ್ಣನ ಟ್ರ್ಯಾಕ್ಟರ್ ನೋಡಿ, ಇದರ ಬಲಗಾಲಿಯಲ್ಲೂ ಎಣ್ಣೆ ಸೋರುತ್ತಿದೆಯಲ್ಲ ಎಂದು ಭರತ ಕೇಳಿದ. ಹಂಗಾಮು ಮುಗಿಯಲಿ, ನೋಡಿದರಾಯಿತು ಎಂದು ಪಾರಿಸ ಮಾತು ಹಾರಿಸಿದ.

ಬರಿಗಾಡಿ ಓಡಿಸಿದರೆ ಆ ಹಬ್‌ಗೆ ಏನೂ ಆಗುವುದಿಲ್ಲ. ಆದರೆ ಕಬ್ಬು ಕಾರ್ಖಾನೆಗೆ ಹೋಗಬೇಕೆಂದರೆ ಮಡ್ಡಿ ಹತ್ತಿ ಹಳ್ಳದ ಇಳಿಜಾರು ಇಳಿಯಲೇಬೇಕು. ಒಂದು ಕಡೆ ಕಲ್ಲುಗೋಡೆ, ಇನ್ನೊಂದು ಕಡೆ ಕೊರಕಲು. ಎರಡು ಟ್ರೇಲರ್ ಕಬ್ಬು ಹಿಂದಿನಿಂದ ನೂಕುವಾಗ ಬ್ರೇಕ್ ಹಾಕಿದರೆ ಭಾರವೆಲ್ಲ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಕಬ್ಬು ಕಡಿಯುವ ಟೋಳಿಯ ಪಾಳಿ ಪಾರಿಸನ ಮಡ್ಡಿಯ ಬಡಕಲು ಕಬ್ಬಿಗಿಂತ ಮೊದಲು ಭರತನ ಹೊಲಕ್ಕಿತ್ತು. ಆ ಹೊತ್ತಿಗೆ ತಾನು ಊರಲ್ಲೇ ಇರಬಾರದೆಂದು ಪಾರಿಸ ಹೆಂಡತಿ ಕಾಂಚನಳನ್ನು ಕರೆದುಕೊಂಡು ಅವಳ ಬಸುರಿ ತಂಗಿಯ ಕುಬಸಕ್ಕೆಂದು ಮುಗಳಖೋಡಕ್ಕೆ ಹೋದ. ಬೀಗರು ಇರಿ ಎಂದರು, ಇದ್ದ. ಹೋಳಿಗೆ ಉಂಡ. ಫೋನನ್ನು ಮಾತ್ರ ಕೈಯಿಂದ ಬಿಡಲಿಲ್ಲ.

ಫೋನು ಬಂತು. ಭರತನದೇ. ಬೇಗ ಬಾ, ನಿನ್ನ ಕಬ್ಬು ಹೇರಿ ಆಗಿದೆ ಎಂದ. ಪಾರಿಸನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ.

ಊರಿಗೆ ಬಂದ ಮೇಲೆ ತಿಳಿಯಿತು. ನೀರಿಲ್ಲದೆ ಮಡ್ಡಿಯ ಕಬ್ಬು ಒಣಗುತ್ತಿದೆ ಎಂದು ಭರತ ತನ್ನ ಪಾಳಿಯನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದ. ಬಿಸಿಲಲ್ಲಿ ತಾನೇ ನಿಂತು ಕಡಿಸಿ, ಅಣ್ಣನ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ, ಕಬ್ಬು ಹೇರಿಸಿ ನಿಲ್ಲಿಸಿದ್ದ. ಪಾರಿಸನ ಎದೆ ಚುರುಕ್ ಎಂದಿತು. ಮರುಗಳಿಗೆ ಅದನ್ನು ಅದುಮಿದ. ಇರಲಿ, ಇವತ್ತು ನನ್ನ ಗಾಡಿ ಇಳಿಯಲಿ, ನಾಳಿದ್ದು ಅವನದು. ಇದು ಇನ್ನೂ ಒಳ್ಳೆಯದೇ ಆಯಿತು ಎಂದುಕೊಂಡು ಹತ್ತಿ ಕುಳಿತ. ಭರತ ಜೊತೆಗೆ ಬರುತ್ತೇನೆಂದು ಮಡ್‌ಗಾರ್ಡಿನ ಮೇಲೆ ಕೂತ.

ಇಳಿಜಾರಿನ ನೆತ್ತಿಯಲ್ಲಿ ಭರತ ಕೆಳಗೆ ಜಿಗಿದ. ಅಲ್ಲಿ ಒಬ್ಬರು ಗಾಲಿಗೆ ಕೊಡಲು ಕಲ್ಲು ಹಿಡಿದು ಪಕ್ಕದಲ್ಲಿ ನಡೆಯುವುದು ಎಲ್ಲರ ರೂಢಿ. ಮುಂದಿನ ಗಾಲಿಗಳು ಆಗಲೇ ನೆತ್ತಿ ದಾಟಿದ್ದವು, ಕಬ್ಬಿನ ಭಾರ ಬೆನ್ನಿಗೆ ಬಿದ್ದಿತ್ತು. ಭರತ ಕಲ್ಲು ಎತ್ತಿಕೊಂಡು ಬಲಗಾಲಿಯ ಕಡೆ ಬೆರಳು ಮಾಡಿ ನಕ್ಕ.

"ಗಾಲಿ ಹೆಂಗ ಓಡಾಕತ್ತೈತಿ ನೋಡು ಅಣ್ಣಾ. ನಿಂದು ಎಣ್ಣಿ ಸೋರತಿತ್ತಲ್ಲ, ನನಗ ಹಾಕಿದ ಹಬ್ ಬಿಚ್ಚಿ ನಿನಗ ಹಾಕೇನಿ. ನಿಂದು ನನಗಿರಲಿ. ನೀ ಕಲಿಸಿದಂಗ ಮಾಡೇನಿ, ಒಂದೂ ಬಿಟ್ಟಿಲ್ಲ."

ಪಾರಿಸ ಬಾಗಿ ನೋಡಿದ. ಧೂಳಿನ ಅಡಿಯಲ್ಲಿ ತಾನೇ ಹೊಡೆದ ಕೆಂಪು ಬಣ್ಣ. ಅವನ ಕಾಲು ಬ್ರೇಕಿನ ಮೇಲಿತ್ತು. ಒತ್ತಿದರೆ ಹಬ್ ತಾಳದು, ಬಿಟ್ಟರೆ ಗಾಡಿ ನಿಲ್ಲದು. ಭರತ ಸುಳ್ಳು ಹೇಳಿರಲಿಲ್ಲ. ದಿಮ್ಮಿ ಕೊಟ್ಟಿದ್ದ, ಸೀಲು ಸರಿಯಾಗಿ ತಿರುಗಿಸಿದ್ದ, ಗ್ರೀಸು ತುಂಬಿದ್ದ, ಪಿನ್ನು ಬಾಗಿಸಿದ್ದ. ಅಣ್ಣ ಕಲಿಸಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಹಬ್ ಕೂರಿಸುವ ಮೊದಲು ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ಒಮ್ಮೆ ಬಡಿದು ಕೇಳಬೇಕು ಎಂಬುದನ್ನು ಅಣ್ಣ ಅವನಿಗೆ ಕಲಿಸಿರಲಿಲ್ಲ. ಪಾರಿಸ ಬ್ರೇಕ್ ಒತ್ತಿದ. ಬಲಗಾಲಿಯ ಒಳಗಿನಿಂದ ಠಪ್ ಎಂದು ಕೇಳಿತು.