ಕೇಶಲೇಖಿ ಓದಿದ ಹದಿನಾಲ್ಕು ದಿನಗಳು

ಇಂಚರಾಳ ಒಂದೇ ಒಂದು ಕೂದಲೆಳೆ ಗಾಜಿನ ತಟ್ಟೆಯ ಮೇಲೆ ನೆಟ್ಟಗೆ ಮಲಗಿತ್ತು. ಕೂದಲು ಓದುವ ಕೇಶಲೇಖಿ ಯಂತ್ರದ ಬೆಳಕಿನ ಸೂಜಿ ಅದರ ತುದಿಯಿಂದ ಬುಡದತ್ತ ಸರಿಯುತ್ತಿದ್ದಂತೆ ನ್ಯಾಯಾಲಯದ ಗೋಡೆಯ ಮೇಲೆ ನೀಲಿ ಗೆರೆಯೊಂದು ಮೂಡತೊಡಗಿತು. ಡಾ. ಗಂಗಾಂಬಿಕಾ ಹಲಗತ್ತಿ ಹಿಗ್ಗಿ ಹೀರೆಕಾಯಿಯಾಗಿದ್ದರು. ಅವರು ಹನ್ನೊಂದು ವರ್ಷ ಬೆವರು ಸುರಿಸಿ ಕಟ್ಟಿದ ಯಂತ್ರ 2061ರ ಆ ಸೋಮವಾರ ಮೊದಲ ಸಲ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು!

“ಇದು ಏನ್ ಓದ್ತದ ಅಂತ ಸ್ವಲ್ಪ ಬಿಡಿಸಿ ಹೇಳ್ರಿ ಡಾಕ್ಟರ್,” ಎಂದರು ನ್ಯಾಯಾಧೀಶೆ ರಜಿಯಾ ಮಕಾನದಾರ.

“ಮನಸ್ಸಿಗೆ ಹೆದರಿಕಿ, ಸಂಕಟ ಆದಾಗ ರಕ್ತದಾಗ ಕಾರ್ಟಿಸಾಲ್ ಅನ್ನೂ ರಸ ಏರ್ತದ್ರಿ ಮೇಡಂ. ಅದರಾಗ ಒಂದಿಷ್ಟು ಬೆಳಿಯೂ ಕೂದಲಿನೊಳಗ ಉಳದಬಿಡ್ತದ. ಕೂದಲಾ ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೀತದ. ಈ ಯಂತ್ರ ಅದನ್ನ ದಿನಾ ದಿನಾ ಬಿಡಿಸಿ ಓದ್ತದ. ಹದಿನೆಂಟು ಸೆಂಟಿಮೀಟರ್ ಅಂದ್ರ ಹದಿನೆಂಟು ತಿಂಗಳು.”

ಒಂಬತ್ತು ವರ್ಷದ ಇಂಚರಾಳ ತಂದೆತಾಯಿ ವೀರೇಶ ಮತ್ತು ಪ್ರಮೀಳಾ ಬೇರೆಯಾಗಿ ಆಗಲೇ ಎರಡು ವರ್ಷ. ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರು, ಮಗಳ ವಿಷಯದಲ್ಲಿ ಮಾತ್ರ ಹಾವು ಮುಂಗುಸಿ. ಸೋಮವಾರದಿಂದ ಶುಕ್ರವಾರದವರೆಗೆ ಹುಡುಗಿ ತಾಯಿಯ ಮನೆಯಲ್ಲಿ, ಶನಿವಾರ ಭಾನುವಾರ ತಂದೆಯ ಮನೆಯಲ್ಲಿ ಇರುತ್ತಿದ್ದಳು. ನಿನ್ನ ಮನೆಯಲ್ಲೇ ಅವಳಿಗೆ ಹಿಂಸೆ ಎಂದು ಇಬ್ಬರೂ ಒಬ್ಬರನ್ನೊಬ್ಬರು ದೂರುತ್ತಿದ್ದರು. ಯಾರ ಮನೆಯಲ್ಲಿ ಹುಡುಗಿ ಹೆಚ್ಚು ನೊಂದಿದ್ದಾಳೋ ಆ ಮನೆಯಿಂದ ಅವಳನ್ನು ಬಿಡಿಸುವುದಾಗಿ ರಜಿಯಾ ಮೊದಲೇ ಹೇಳಿಬಿಟ್ಟಿದ್ದರು.

ಗೆರೆ ಮುಗಿಯಿತು. ಅದರಲ್ಲಿ ಹದಿನಾಲ್ಕು ಕಡೆ ಚೂಪಾದ ಏರುಗಳಿದ್ದವು, ಒಂದೊಂದರ ಕೆಳಗೂ ಅದರ ತಾರೀಖು. ಹದಿನಾಲ್ಕೂ ವಾರದ ನಡುವಿನ ದಿನಗಳು.

“ಎಲ್ಲಾ ತಾಯಿ ಮನ್ಯಾಗಿದ್ದ ದಿನಾನ ಅವ ಮೇಡಂ!” ವೀರೇಶನ ವಕೀಲರು ಎದ್ದೇ ನಿಂತರು.

ಪ್ರಮೀಳಾಳ ಮುಖ ಬಿಳಿಚಿಕೊಂಡಿತು. “ನನ್ನ ಮನ್ಯಾಗ ಆಕಿಗೆ ಏನ್ ಕಡಿಮಿ ಆಗೇದ್ರಿ? ಹೊಡದಿಲ್ಲ, ಬೈದಿಲ್ಲ...”

ಗಂಗಾಂಬಿಕಾ ಗೆರೆಯನ್ನು ಮತ್ತೊಮ್ಮೆ ನೋಡಿದರು. ಆದರೆ ಯಂತ್ರ ತಪ್ಪು ಓದುವುದು ಸಾಧ್ಯವಿರಲಿಲ್ಲ, ಅದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ರಜಿಯಾ ಆದೇಶ ಬರೆಸಲು ಸಿದ್ಧರಾದರು. ಪದ್ಧತಿಯಂತೆ ಬೆಂಚ್ ಕ್ಲರ್ಕ್ ದ್ಯಾಮಣ್ಣ ಪ್ರಕರಣದ ಹಿಂದಿನ ವಿಚಾರಣೆಗಳನ್ನು ಒಂದೇ ರಾಗದಲ್ಲಿ ಓದತೊಡಗಿದರು. “ಮಾರ್ಚ್ ಒಂಬತ್ತು, ಮುಂದೂಡಿಕೆ. ಏಪ್ರಿಲ್ ಇಪ್ಪತ್ತೊಂದು, ಮುಂದೂಡಿಕೆ. ಜೂನ್ ಮೂರು...”

ಗಂಗಾಂಬಿಕಾ ಅವರ ಕಣ್ಣು ಗೋಡೆಯ ಮೇಲಿತ್ತು. ಮಾರ್ಚ್ ಒಂಬತ್ತು. ಏಪ್ರಿಲ್ ಇಪ್ಪತ್ತೊಂದು. ಎರಡೂ ಏರುಗಳ ಕೆಳಗೆ ಅವೇ ತಾರೀಖುಗಳು.

“ನಿಲ್ಲಸ್ರಿ ಮೇಡಂ! ದ್ಯಾಮಣ್ಣಾರ, ಇನ್ನೊಮ್ಮೆ ಮೊದಲಿಂದ ಓದ್ರಿ!”

ದ್ಯಾಮಣ್ಣ ಓದಿದಂತೆಲ್ಲ ಅವರು ಗೋಡೆಯ ಬಳಿ ನಿಂತು ಒಂದೊಂದೇ ಏರಿನ ಮೇಲೆ ಬೆರಳಿಟ್ಟರು. ಏಳನೆಯದಕ್ಕೆ ಬರುವಷ್ಟರಲ್ಲಿ ಇಡೀ ಕೋಣೆ ತುದಿಗಾಲಲ್ಲಿ ನಿಂತು ಜೊತೆಗೆ ಎಣಿಸುತ್ತಿತ್ತು. ಹದಿನಾಲ್ಕು ವಿಚಾರಣೆಗಳು, ಹದಿನಾಲ್ಕು ಏರುಗಳು. ಒಂದೂ ಆಚೀಚೆ ಇಲ್ಲ!

“ಕೋರ್ಟ್ ನಡಿಯೂದು ವಾರದ ನಡುವ. ಪ್ರತಿ ಸಲಾ ಹುಡುಗೀನ್ನೂ ಇಲ್ಲಿಗೆ ಕರಕೊಂಡ ಬರ್ತಾರ. ಆ ದಿನಾ ಎಲ್ಲಾ ತಾಯಿ ಪಾಲಿಗೆ ಬರ್ತಾವ. ಅದಕ್ಕ ತಪ್ಪು ತಾಯಿ ತಲಿಗೆ ಬಂತು,” ಎಂದರು ಗಂಗಾಂಬಿಕಾ. “ನಾನೂ ಎರಡು ಮನಿ ಕ್ಯಾಲೆಂಡರ್ ಅಷ್ಟ ಕೇಳಿದ್ದೆ. ಮೂರನೇ ಜಾಗಾ ಒಂದು ಅದ ಅಂತ ನನಗ ಹೊಳೀಲೇ ಇಲ್ಲ ಮೇಡಂ.”

ರಜಿಯಾ ಪೀಠದಿಂದ ಇಳಿದು ಹೊರಗೆ ಹೋದರು, ಉಳಿದವರು ಬಾಗಿಲ ಬಳಿ ಗುಂಪುಗೂಡಿದರು. ಪಡಸಾಲೆಯಲ್ಲಿ ಇಂಚರಾ ಅಜ್ಜಿಯ ಪಕ್ಕ ಕುಳಿತಿದ್ದಳು. “ಇಲ್ಲಿಗೆ ಬರೂ ದಿನಾ ನಿನಗ ಏನಾಗ್ತದವಾ?” ಎಂದು ರಜಿಯಾ ಕೇಳಿದರು.

“ಅಪ್ಪ ಒಂದು ಹೇಳು ಅಂತಾನ್ರಿ, ಅವ್ವ ಇನ್ನೊಂದು ಹೇಳು ಅಂತಾಳ. ಎರಡೂ ಬಾಯಿಪಾಠ ಮಾಡ್ತೀನಿ. ಸಂಜಿತನಾ ಮರೀಬಾರ್ದು ಅಂತ ಹೇಳ್ಕೋತ ಕುಂದರ್ತೀನಿ. ಯಾರೂ ಕರಿಯೂದ ಇಲ್ಲ.”

ವೀರೇಶ ಬಂದು ಮಗಳ ಪಕ್ಕ ಕುಳಿತ. ಪ್ರಮೀಳಾ ಬಿಕ್ಕಿ ಬಿಕ್ಕಿ ಅತ್ತಳು.

ಅಂದೇ ತೀರ್ಪು ಬಂತು. ಹುಡುಗಿಗೆ ಎರಡೂ ಮನೆಗಳ ಬಾಗಿಲು ತೆರೆದೇ ಇರಬೇಕು, ನ್ಯಾಯಾಲಯದ ಬಾಗಿಲು ಮಾತ್ರ ಅವಳಿಗೆ ಶಾಶ್ವತವಾಗಿ ಮುಚ್ಚಬೇಕು. ಬೇರೆ ಜಿಲ್ಲೆಗಳೂ ಯಂತ್ರ ತರಿಸಿದವು. ನೂರಾರು ಮಕ್ಕಳ ಕೂದಲು ಅದೇ ಕತೆ ಹೇಳಿದ ಮೇಲೆ ಕಾನೂನೇ ಬದಲಾಯಿತು: ಮಕ್ಕಳಿರುವ ದಂಪತಿಗಳ ವಿಚಾರಣೆ ಒಂದೇ ಬೈಠಕ್ಕಿನಲ್ಲಿ ಮುಗಿಯಬೇಕು, ಮಗುವಿನೊಡನೆ ಮಾತಾಡಬೇಕಾದರೆ ನ್ಯಾಯಾಧೀಶರೇ ಅದರ ಶಾಲೆಗೆ ಹೋಗಬೇಕು. ಕೌಟುಂಬಿಕ ನ್ಯಾಯಾಲಯಗಳಿಗೆ ಕೇಶಲೇಖಿಯ ಅಗತ್ಯವೇ ಉಳಿಯಲಿಲ್ಲ. ತಾನು ಕಟ್ಟಿದ ಯಂತ್ರ ಮೂಲೆ ಸೇರಿದ್ದಕ್ಕೆ ಅಷ್ಟು ಖುಷಿಪಟ್ಟ ವಿಜ್ಞಾನಿ ಇನ್ನೊಬ್ಬರಿಲ್ಲ.

ವರ್ಷಗಳ ನಂತರ ಕಾನೂನು ಕಾಲೇಜೊಂದರಲ್ಲಿ ಅವರು ಈ ಕತೆ ಹೇಳಿ ಮುಗಿಸಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಯಂತ್ರ ಬರೂಕಿಂತ ಮೊದಲ ಇದನ್ನ ತಿಳ್ಕೊಳ್ಳಾಕ ದಾರಿನ ಇರಲಿಲ್ಲೇನ್ರಿ ಮೇಡಂ?”

“ಇತ್ತಲ್ಲವಾ,” ಎಂದರು ಗಂಗಾಂಬಿಕಾ. “ಮಗೂನ್ನ ಕೇಳಬಹುದಿತ್ತು. ನಾವು ಅದನ್ನ ಹೊರಗ ಕುಂದರಿಸಿ, ಒಂದು ಮಾತೂ ಕೇಳಲಾರದ, ಮುಂದಿನ ತಾರೀಖು ಕೊಟ್ಟು ಕಳಸ್ತಿದ್ವಿ.”