ಕಡ್ಡಾಯ ಪ್ರಶ್ನೆ

ಗಂಟೆ ಹೊಡೆದ ಕೂಡಲೇ ಶೈಲಶ್ರೀ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಬಡಿದು ಎದ್ದಳು. ಮೇಲ್ವಿಚಾರಕರು ಕನ್ನಡಕದ ಮೇಲಿಂದ ನೋಡಿದರು. ಅವಳು ಅವರತ್ತಲೂ ಒಂದು ಉರಿಗಣ್ಣು ಬಿಟ್ಟು ಹೊರಗೆ ನಡೆದಳು.

ಕಾಲೇಜಿನ ಬೇವಿನ ಮರದ ಕೆಳಗೆ ಎಂ.ಎ. ಇತಿಹಾಸದ ಕೊನೆಯ ಸೆಮಿಸ್ಟರಿನ ಕ್ಲಾಸೆಲ್ಲ ಸೇರಿತ್ತು. ವಿಜಯಪುರದ ಏಪ್ರಿಲ್ ಬಿಸಿಲು ಎಲೆಗಳ ನಡುವೆ ಇಳಿದು ಎಲ್ಲರ ಮುಖವನ್ನೂ ಕೆಂಪಾಗಿಸಿತ್ತು. ಯಾರೂ ಮನೆಯ ದಾರಿ ಹಿಡಿಯುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಮಾಡಿದವರು ಯಾರೋ ಏನೋ, ಅವರ ಮನೆತನದ ಏಳು ತಲೆಮಾರನ್ನು ನೆನೆಯುವುದು ನಡೆದಿತ್ತು.

ಸಿಟ್ಟಿಗೆಲ್ಲ ಕಾರಣ ಕಡ್ಡಾಯ ಪ್ರಶ್ನೆ. ಬಹಮನಿ ಮತ್ತು ಆದಿಲಶಾಹಿ ಕಾಲದ ಭೂಕಂದಾಯ ಪದ್ಧತಿಗಳನ್ನು ಹೋಲಿಸಿ ವಿಮರ್ಶಿಸಿ ಎಂದು ಕೇಳಿದ್ದರು. ಅರಸರು, ಯುದ್ಧಗಳು, ಗುಮ್ಮಟಗಳು ಎಂದು ಬಾಯಿಪಾಠ ಮಾಡಿಕೊಂಡು ಬಂದವರಿಗೆಲ್ಲ ಅಲ್ಲಿಯೇ ಪೆನ್ನು ನಿಂತುಹೋಗಿತ್ತು.

"ನಾ ಗೋಳಗುಮ್ಮಟದ ಬಗ್ಗೆ ಬರದು ಬಂದೆ," ಎಂದಳು ಹೀನಾ.

ಹೀನಾ ಶೈಲಶ್ರೀಯ ಪಕ್ಕದ ಬೆಂಚಿನ ಗೆಳತಿ. ಕಂದಾಯಕ್ಕೂ ಗುಮ್ಮಟಕ್ಕೂ ಏನು ಸಂಬಂಧ ಎಂದು ಯಾರೋ ಕೇಳಿದರು.

"ಕಂದಾಯದ ರೊಕ್ಕದಾಗ ಕಟ್ಟ್ಯಾರಲ್ಲ ಅದನ್ನ?"

ಎಲ್ಲರೂ ನಕ್ಕರು. ಶೈಲಶ್ರೀ ನಗಲಿಲ್ಲ. ಅವಳ ಸಿಟ್ಟು ಪ್ರಶ್ನೆ ಕೇಳಿದವರ ಮೇಲೆ ಇರಲಿಲ್ಲ. ಅದಕ್ಕೆ ಒಂದು ಹೆಸರಿತ್ತು, ಬಿಳಿ ಶರ್ಟು ಇತ್ತು. ಅದೀಗ ಮೆಟ್ಟಿಲು ಇಳಿದು ಬರುತ್ತಿತ್ತು.

ಸಂಗನಬಸವ ಬಬಲೇಶ್ವರದ ಹುಡುಗ. ಅಲ್ಲಿ ಅವನ ತಂದೆಯದು ಬೀಜ, ಗೊಬ್ಬರದ ಅಂಗಡಿ. ಅವಳು ತಿಕೋಟಾ ಕಡೆಯ ಘೋಣಸಗಿಯವಳು. ಎರಡು ವರ್ಷದ ಹಿಂದೆ, ಮೊದಲ ಟೆಸ್ಟಿನಲ್ಲಿ ಅವಳಿಗಿಂತ ಅರ್ಧ ಅಂಕ ಹೆಚ್ಚು ತೆಗೆದಿದ್ದಕ್ಕೆ ಅವನೊಂದಿಗೆ ಜಗಳ ತೆಗೆದವಳು ಅವಳೇ. ಅವನು ವಾದಕ್ಕೆ ಬರಲಿಲ್ಲ. ಎಡಗಡೆಯ ಹುಬ್ಬನ್ನು ಮಾತ್ರ ತುಸು ಎತ್ತಿ, ಮುಂದಿನ ಸಲ ನೀನೇ ತೆಗಿ ಎಂದಿದ್ದ. ಆ ಹುಬ್ಬು ಅಂದಿನಿಂದ ಅವಳ ನೆಮ್ಮದಿ ಕೆಡಿಸಿತ್ತು. ಪಾಠದ ನಡುವೆ ತಿರುಗಿದರೆ ಅದು ಏಳುತ್ತಿತ್ತು. ಅವಳು ಬೇಕೆಂದೇ ಕಿಟಕಿಯ ಕಡೆ ನೋಡಿದರೆ, ಗಾಜಿನಲ್ಲೂ ಅದೇ ಕಾಣುತ್ತಿತ್ತು. ಪ್ರೀತಿ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಆಡದಿದ್ದರೂ ಕ್ಲಾಸಿಗೆಲ್ಲ ಗೊತ್ತಿತ್ತು.

ಈ ಪೇಪರು ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೇ ಇಬ್ಬರೂ ಸಿಲೆಬಸ್ ಹಂಚಿಕೊಂಡಿದ್ದರು. ರಾಜಕೀಯ, ಕಲೆ, ಧರ್ಮ ಅವಳದು. ಆಡಳಿತ, ಕಂದಾಯ ಅವನದು. ಅವಳು ತನ್ನ ಪಾಲನ್ನು ಅವನಿಗೆ ಚೊಕ್ಕ ಹೇಳಿಕೊಟ್ಟಿದ್ದಳು. ಅವನ ಸರದಿ ಪರೀಕ್ಷೆಯ ಹಿಂದಿನ ರವಿವಾರ. ಆ ದಿನ ಅವಳು ಲೈಬ್ರರಿಯಲ್ಲಿ ಬಾಗಿಲು ಹಾಕುವವರೆಗೆ ಕುಳಿತಿದ್ದಳು. ಅವನು ಬರಲಿಲ್ಲ. ಫೋನ್ ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ಅವನಿಗೆ ಏನಾದರೂ ಆಗಿರಬಹುದೆಂದು ಹೆದರಿ ಅವಳು ಓದಿದ್ದನ್ನೂ ಮರೆತಳು.

ಏನೂ ಆಗಿರಲಿಲ್ಲ. ಇಂದು ಪರೀಕ್ಷೆಯ ಕೋಣೆಯಲ್ಲಿ, ಅವಳು ಫ್ಯಾನು ನೋಡುತ್ತ ಕುಳಿತಿದ್ದಾಗ, ಎರಡು ಬೆಂಚು ಮುಂದೆ ಅವನು ಎದ್ದು ನಿಂತು ಅಡಿಷನಲ್ ಶೀಟ್ ಕೇಳಿದ್ದ.

ಈಗ ಅವನು ಹತ್ತಿರ ಬಂದು ಮೆಲ್ಲಗೆ ಅವಳ ಹೆಸರು ಕರೆದ. ಹುಬ್ಬು ಏಳಲಿಲ್ಲ. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ಚಲೋ ಬರದಿಯಲ್ಲ? ಕಂದಾಯ ಎಲ್ಲಾ ನಿನಗ ಒಬ್ಬಂಗ ಬೇಕಾಗಿತ್ತು, ತಗೊಂಡಿ. ಇನ್ನ ನನ್ನ ಜೋಡಿ ಮಾತ್ಯಾಕ?"

ಅವಳ ದನಿ ಏರಲಿಲ್ಲ. ಅದಕ್ಕೇ ಮರದ ಕೆಳಗಿದ್ದವರೆಲ್ಲ ಅತ್ತ ತಿರುಗಿದರು. ಅವನು ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, ನೆಲ ನೋಡಿದ. ಆ ಮೌನ ಅವಳನ್ನು ಇನ್ನಷ್ಟು ಕೆರಳಿಸಿತು. ಹೀನಾ ಕೈ ಹಿಡಿದರೂ ಬಿಡಿಸಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಅಂಕಗಳ ಆಸೆ ಅವಳಿಗೆ ಬರಿಯ ಜಿದ್ದಾಗಿರಲಿಲ್ಲ. ಎರಡನೆಯ ಸೆಮಿಸ್ಟರಿನಲ್ಲಿ ಅವ್ವನಿಗೆ ಆಪರೇಷನ್ ಆಗಿ, ಅವಳ ಓದು ಹಿಂದೆ ಬಿದ್ದಿತ್ತು. ಒಟ್ಟು ಐವತ್ತೈದು ಪರ್ಸೆಂಟ್ ಆಗದಿದ್ದರೆ ನೆಟ್ ಪರೀಕ್ಷೆಗೆ ಕೂಡುವ ಹಾಗಿಲ್ಲ, ನೆಟ್ ಇಲ್ಲದೆ ಲೆಕ್ಚರರ್ ಆಗುವ ಕನಸಿಲ್ಲ. ಈ ಪೇಪರಿನ ಮೇಲೆಯೇ ಎಲ್ಲ ನಿಂತಿತ್ತು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬರಲಿಲ್ಲ.

ತಿಕೋಟಾ ಬಸ್ಸು ಹೊರಡುವಾಗ ಅವನು ಓಡಿ ಬಂದು ಹತ್ತಿದ. ಅವನ ಊರಿನ ಬಸ್ಸು ಬೇರೆ, ದಾರಿಯೂ ಬೇರೆ. ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. ತೊರವಿಯಲ್ಲಿ ಅವಳ ಪಕ್ಕದ ಮುದುಕಿ ಇಳಿದಳು. ಅವನು ಅಲ್ಲಿ ಕೂಡದೆ, ಸೀಟಿನ ಕಂಬಿ ಹಿಡಿದು ನಿಂತೇ ಇದ್ದ.

"ಕೂಡು. ಎಲ್ಲಾರೂ ನೋಡಾಕತ್ತಾರ."

ಅವನು ಕುಳಿತ. ನಡುವೆ ತನ್ನ ಬ್ಯಾಗು ಇಟ್ಟ. ಆ ಬ್ಯಾಗಿನ ಎಚ್ಚರಿಕೆ ಅವಳಿಗೆ ವಿಚಿತ್ರವೆನಿಸಿತು. ಎರಡು ವರ್ಷ ಒಂದೇ ಪುಸ್ತಕದ ಮೇಲೆ ತಲೆ ತಾಗಿಸಿ ಓದಿದವನು, ಈಗ ಪರಸ್ಥಳದವನ ಹಾಗೆ ದೂರ ಸರಿದು ಕುಳಿತಿದ್ದ. ಯಾಕೆ ಬರಲಿಲ್ಲ ಎಂದು ಅವಳು ಕೇಳಿದಳು. ಇನ್ನೊಂದು ಪೇಪರ್ ಉಳಿದಿದೆ, ಅದು ಮುಗಿಯುವ ತನಕ ಕೇಳಬೇಡ, ಮಾತು ಕೊಟ್ಟಿದ್ದೇನೆ ಎಂದು ಅವನು ಬೇಡಿಕೊಂಡ.

"ಯಾರಿಗಿ ಮಾತು ಕೊಟ್ಟಿ?"

ಅವಳಿಗೆ ತಟ್ಟನೆ ರವಿವಾರ ಸಂಜೆಯ ನೆನಪಾಯಿತು. ಲೈಬ್ರರಿಯಿಂದ ಸೋತು ಮನೆಗೆ ಬಂದಾಗ ಅಣ್ಣ ಸಿದ್ದರಾಮ ಎಂದೂ ಇಲ್ಲದೆ ಮೆತ್ತಗೆ ಮಾತಾಡಿಸಿದ್ದ. ಓದು ಸರಿ ಆಯ್ತೇನು ಎಂದು ಕೇಳಿ, ಅವಳ ಮುಖ ನೋಡದೆ ಎದ್ದು ಹೋಗಿದ್ದ.

"ನಮ್ಮ ಅಣ್ಣಗ," ಎಂದಳು.

ಸಂಗನಬಸವ ಕಣ್ಣು ಮುಚ್ಚಿದ. ಅಷ್ಟು ಸಾಕಾಗಿತ್ತು. ಮಿಕ್ಕದ್ದನ್ನು ಅವನು ತಡೆದು ತಡೆದು ಹೇಳಿದ. ಶನಿವಾರ ಸಿದ್ದರಾಮ ಬಬಲೇಶ್ವರಕ್ಕೆ ಅವರ ಅಂಗಡಿಯ ತನಕ ಬಂದು, ಹೊರಗೆ ಕರೆದು ಮಾತಾಡಿದ್ದ. ಊರಿನವರು ಯಾರೋ ಇಬ್ಬರನ್ನೂ ಒಟ್ಟಿಗೆ ನೋಡಿ ಆಡಿಕೊಂಡಿದ್ದರು. ಪರೀಕ್ಷೆ ಮುಗಿಯುವ ತನಕ ನನ್ನ ತಂಗಿಯನ್ನು ನೋಡಬೇಡ, ಮಾತಾಡಿಸಬೇಡ, ನಾನು ಬಂದಿದ್ದೆ ಎಂದೂ ಅವಳಿಗೆ ಹೇಳಬೇಡ, ಅವಳ ಮನಸ್ಸು ಕೆಡುತ್ತದೆ ಎಂದಿದ್ದ. ಸಂಗನಬಸವ ಒಪ್ಪಿದ್ದ.

"ಹೀನಾನ ಕೈಯಾಗ ನೋಟ್ಸರೆ ಕಳಿಸಬೇಕಿತ್ತಿಲ್ಲೋ?"

"ಕಳಿಸಿದ್ರ ಅದರ ಹಿಂದ ನಾನೂ ಬಂದುಬಿಡ್ತಿದ್ದೆ, ಶೈಲಾ. ಅದಕ್ಕ ಫೋನೂ ಬಂದ್ ಮಾಡಿ ಇಟ್ಟೆ."

ಬೇರೆ ಯಾವ ದಿನವಾದರೂ ಈ ಮಾತಿಗೆ ಅವಳು ಒಳಗೊಳಗೇ ಕರಗುತ್ತಿದ್ದಳು. ಇಂದು ಕರಗಲು ಜಾಗವೇ ಇರಲಿಲ್ಲ. ಇಷ್ಟು ಹೊತ್ತು ಒಬ್ಬನ ಮೇಲಿದ್ದ ಸಿಟ್ಟು ಈಗ ಇಬ್ಬರ ಮೇಲಾಯಿತು.

"ನೀವಿಬ್ಬರೂ ಕೂಡಿ ನನ್ನ ಬಗ್ಗೆ ಒಪ್ಪಂದ ಮಾಡ್ಕೊಂಡ್ರಿ. ನಾ ಓದಬೇಕೋ ಬ್ಯಾಡೋ, ನನ್ನ ಮನಸ್ಸು ಕೆಡ್ತೈತೋ ಇಲ್ಲೋ, ಎಲ್ಲಾ ನೀವೇ. ನನ್ನ ಒಂದ್ ಮಾತು ಕೇಳಬೇಕಂತ ಇಬ್ಬರಿಗೂ ಹೊಳೀಲಿಲ್ಲ."

ಅವನು ತಲೆ ತಗ್ಗಿಸಿದ. ತಪ್ಪಾಯಿತು ಎನ್ನಲು ಹೊರಟವನನ್ನು ಅವಳು ತಡೆದಳು. ಆ ಮಾತು ಇಲ್ಲಿ ಬೇಡ, ನನ್ನ ಜೊತೆ ಊರಿಗೆ ಬಾ, ಅಣ್ಣನ ಮುಂದೆ ಹೇಳು ಎಂದಳು. ತಿಕೋಟಾದಲ್ಲಿ ಇಳಿದು ಘೋಣಸಗಿಯ ಟಂಟಂ ಆಟೋ ಹತ್ತುವಾಗ ಅವನ ಕಾಲು ಒಂದು ಕ್ಷಣ ತಡೆಯಿತು. ಅವಳು ಹಿಂತಿರುಗಿ ನೋಡಿದಳು. ಅವನು ಹತ್ತಿದ.

ಸಿದ್ದರಾಮ ಹೊಲದಲ್ಲಿ, ಮಣೂಕದ ಶೆಡ್ಡಿನಲ್ಲಿದ್ದ. ಹಸಿರು ನೆಟ್ಟಿನ ನೆರಳಿನಲ್ಲಿ ಅಟ್ಟಣೆಗಳ ತುಂಬ ದ್ರಾಕ್ಷಿ ಒಣಗಿ ಮಣೂಕವಾಗುತ್ತಿತ್ತು. ಗಾಳಿಯೆಲ್ಲ ಸಿಹಿ ಹುಳಿ ವಾಸನೆ. ಅವ್ವ ಕಾಶಿಬಾಯಿ ಒಂದು ಮೂಲೆಯಲ್ಲಿ ಕುಳಿತು ಒಣಗಿದ್ದನ್ನು ಆರಿಸುತ್ತಿದ್ದಳು. ತಂಗಿಯ ಹಿಂದೆ ಬರುತ್ತಿದ್ದವನನ್ನು ನೋಡಿ ಸಿದ್ದರಾಮನ ಮುಖ ಗಟ್ಟಿಯಾಯಿತು.

"ಮಾತು ಕೊಟ್ಟಿದ್ದಿ ನೀ."

"ಅಂವ ಹೇಳಿಲ್ಲ, ನಾ ಕಂಡುಹಿಡದೇನಿ," ಎಂದಳು ಶೈಲಶ್ರೀ. "ಅಣ್ಣಾ, ಇವತ್ತು ನಾ ಒಂದ್ ಪ್ರಶ್ನೆ ಖಾಲಿ ಬಿಟ್ಟು ಬಂದೇನಿ. ಅದು ಇವನ ಪಾಲಿಂದಾಗಿತ್ತು. ಇವನ್ನ ನೀ ತಡದಿ."

ಅಪ್ಪ ಸತ್ತಾಗ ಸಿದ್ದರಾಮ ಪಿಯುಸಿಯಲ್ಲಿದ್ದ. ಅಂದೇ ಓದು ಬಿಟ್ಟು, ತಂಗಿ ಓದಲಿ ಎಂದು ಹೊಲಕ್ಕೆ ಇಳಿದವನು. ಅವಳು ಬಿ.ಎ. ಪಾಸಾದಾಗ ಊರೆಲ್ಲ ಪೇಡೆ ಹಂಚಿದವನು. ಈಗ ಅವನ ಕೈಯಲ್ಲಿದ್ದ ದ್ರಾಕ್ಷಿ ಬೆರಳ ಸಂದಿನಿಂದ ಉದುರಿತು.

"ನಿನ್ನ ಪರೀಕ್ಷಾ ಕೆಡಬಾರದಂತ ಮಾಡಿದೆ, ತಂಗಿ."

"ಕೆಟ್ಟಿತು. ನನ್ನ ಕೇಳಿದ್ರ ಕೆಡತಿರಲಿಲ್ಲ."

ಸಿದ್ದರಾಮ ಸಂಗನಬಸವನ ಕಡೆ ತಿರುಗಿ, ನೀನಾದರೂ ಅಂದೇ ಆಗುವುದಿಲ್ಲ ಎನ್ನಬೇಕಿತ್ತಲ್ಲ ಎಂದು ಗದರಿದ.

"ಹ್ಯಾಂಗ ಅನ್ನಲ್ರಿ?" ಎಂದ ಸಂಗನಬಸವ. "ನೀವು ಹೊಡೀತೇನಿ ಅಂದಿದ್ರ ಅಂತಿದ್ದೆ. ನೀವು ಕೈ ಮುಗದ್ರಿ."

ಶೈಲಶ್ರೀ ಅಣ್ಣನನ್ನು ನೋಡಿದಳು. ಊರ ಸಾಹುಕಾರನ ಮುಂದೂ ಸೊಂಟ ಬಾಗಿಸದ ಅಣ್ಣ, ತನಗಿಂತ ಚಿಕ್ಕ ಹುಡುಗನ ಮುಂದೆ, ಅಂಗಡಿಯ ಬೀದಿಯಲ್ಲಿ ಕೈ ಮುಗಿದಿದ್ದ. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಅಳುವಿನ ಜೊತೆ ಸೇರಿ ಇನ್ನೂ ಉರಿಯಿತು. ಒಬ್ಬ ಕೈ ಮುಗಿದ, ಒಬ್ಬ ಮಾತು ಉಳಿಸಿದ. ಇಬ್ಬರೂ ಒಳ್ಳೆಯವರೇ. ಇಬ್ಬರ ಒಳ್ಳೆಯತನದ ಬೆಲೆ ಮಾತ್ರ ಅವಳು ತೆತ್ತಿದ್ದಳು.

"ಇನ್ನ ಮ್ಯಾಲ ಯಾರೂ ಯಾರಿಗೂ ಕೈ ಮುಗಿಯೂದು ಬ್ಯಾಡ," ಎಂದಳು. "ನಾನೇ ಹೇಳ್ತೇನಿ ಕೇಳ್ರಿ. ನಾ ಇವನ್ನ ಇಷ್ಟಪಟ್ಟೇನಿ. ಇವನ ಮ್ಯಾಲ ಈಗ ಕೊಲ್ಲುವಷ್ಟು ಸಿಟ್ಟೈತಿ. ಆದ್ರೂ ಇಷ್ಟಪಟ್ಟೇನಿ. ಮದುವಿ ಅಂತಾದ್ರ ಇವನ್ನ ಆಗ್ತೇನಿ. ಲೆಕ್ಚರರ್ ಆದಮ್ಯಾಲ."

ಎರಡು ವರ್ಷ ಯಾರೂ ಆಡದ ಮಾತು ಹೀಗೆ, ಬೈಗುಳದ ದನಿಯಲ್ಲಿ, ಅಣ್ಣನ ಮುಂದೆ ಹೊರಬಿತ್ತು. ಸಂಗನಬಸವನ ಕಿವಿಯ ತುದಿ ಕೆಂಪಾಯಿತು. ಅವನು ಅವಳನ್ನೇ ನೋಡುತ್ತಿದ್ದ, ರೆಪ್ಪೆ ಹೊಡೆಯುವುದನ್ನೂ ಮರೆತು.

"ನೀ ಏನ್ ಅಂತಿಯಪ್ಪಾ?" ಮೂಲೆಯಿಂದ ಕಾಶಿಬಾಯಿ ಕೇಳಿದಳು. ಇಷ್ಟು ಹೊತ್ತು ಅವಳ ಕೈ ಆರಿಸುವುದನ್ನು ನಿಲ್ಲಿಸಿರಲಿಲ್ಲ.

"ಅಕಿ ಎಷ್ಟು ದಿನ ಅಂತಾಳೋ ಅಷ್ಟು ದಿನ ಕಾಯ್ತೇನ್ರಿ, ಯವ್ವಾ. ಅಕಿನ್ನ ಕೇಳದ ಇನ್ನ ಯಾರಿಗೂ ಮಾತು ಕೊಡೂದಿಲ್ಲ."

ಕಾಶಿಬಾಯಿ ಮಗನತ್ತ ನೋಡಿದಳು. ಸಿದ್ದರಾಮ ಬಹಳ ಹೊತ್ತು ಅಟ್ಟಣೆಯ ದ್ರಾಕ್ಷಿಯನ್ನು ಅತ್ತಿತ್ತ ಸರಿಸಿದ. ಮತ್ತೆ ಒರಟಾಗಿ, ಉಳಿದ ಪೇಪರು ಯಾವುದು ಎಂದು ಕೇಳಿದ. ಶಾಸನಗಳದು ಎಂದಳು. ಅದರಲ್ಲಿ ಇವನ ಪಾಲು ಎಷ್ಟು ಎಂದ. ಅರ್ಧ ಎಂದಳು.

"ನಾಳೆ ಮುಂಜಾನೆ ಬಾ," ಎಂದ ಅವನು ಸಂಗನಬಸವನಿಗೆ. "ಮನಿ ಪಡಸಾಲ್ಯಾಗ ಕುಂತು ಹೇಳಿಕೊಡು. ಆಡಿಕೊಳ್ಳಾವ್ರು ಬಾಗಲದಾಗ ನಿಂತು ನೋಡ್ಲಿ. ನಿಮ್ಮ ಅಪ್ಪಾರ ಜೋಡಿ ನಾ ಮಾತಾಡ್ತೇನಿ." ತಂಗಿಯ ಕಣ್ಣು ನೋಡಿ ಮಾತು ತಿದ್ದಿಕೊಂಡ. "ನಾವು ಮೂರೂ ಮಂದಿ ಕೂಡಿ ಮಾತಾಡ್ತೇವಿ."

ಹೊತ್ತು ಇಳಿಯುವಾಗ ಶೈಲಶ್ರೀ ಅವನನ್ನು ರಸ್ತೆಯ ತನಕ ಕಳಿಸಲು ನಡೆದಳು. ಅಣ್ಣ ಬೇಡ ಎನ್ನಲಿಲ್ಲ. ಹೊಲದ ಬದುವಿನಲ್ಲಿ ಇಬ್ಬರೂ ಹೆಜ್ಜೆ ಹಾಕಿದರು. ಅವನ ತೋಳು ಒಮ್ಮೆ ಅವಳ ತೋಳಿಗೆ ತಾಗಿತು. ಅವಳು ದೂರ ಸರಿಯಲಿಲ್ಲ, ಮುಖವನ್ನೂ ಸಡಿಲಿಸಲಿಲ್ಲ. ಅವನು ಓರೆಗಣ್ಣಿನಲ್ಲಿ ನೋಡಿದ. ಸಿಕ್ಕಿಬಿದ್ದ.

"ಸಿಟ್ಟು ಯಾವಾಗ ಹೋಗ್ತೈತಿ?" ಎಂದು ಕೇಳಿದ.

"ಹೋಗ್ತೈತಂತ ಯಾರು ಹೇಳಿದ್ರು? ರಿಸಲ್ಟ್ ಬರ್ಲಿ, ಇನ್ನೂ ಹೆಚ್ಚಾಗ್ತೈತಿ. ಅದರ ಜೋಡಿನ ಬಾಳೇ ಮಾಡಬೇಕು ನೀ."

"ಮಾಡ್ತೇನಿ."

ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಅವಳಿಗೆ ಮತ್ತೆ ರೇಗಿತು. ಕಂದಾಯದ ಬಗ್ಗೆ ಪುಟಗಟ್ಟಲೆ ಬರೆಯುವವನಿಗೆ ತನ್ನ ಬಗ್ಗೆ ಹೇಳಲು ಒಂದೇ ಪದವೇ ಎಂದು ಬೈದಳು. ಪರೀಕ್ಷೆಯಲ್ಲಿ ಪೆನ್ನು ಓಡುವಾಗೆಲ್ಲ ಬೆನ್ನ ಹಿಂದೆ ನಿನ್ನ ಪೆನ್ನಿನ ಸದ್ದು ಕೇಳುತ್ತದೋ ಎಂದು ಕಿವಿಗೊಟ್ಟಿದ್ದೆ, ಅದು ನಿಂತಾಗ ನಾನೂ ಸಾಲು ತಪ್ಪಿದೆ ಎಂದು ಅವನು ಮೆಲ್ಲಗೆ ಹೇಳಿದ. ಅವಳು ಕಣ್ಣಂಚಿನಲ್ಲಿ ತುಂಬಿದ್ದನ್ನು ದುಪಟ್ಟಾದಿಂದ ಒರಸಿ, ಧೂಳು ಎಂದಳು.

ತಿಕೋಟಾದ ಟಂಟಂ ಬಂದು ನಿಂತಿತು. ಅವನು ಹತ್ತಿ ಕುಳಿತು, ನಾಳೆ ಬರುತ್ತೇನೆ ಎಂದ. ಅವಳು ತಲೆಯಾಡಿಸಿದಳು. ಗಾಡಿ ಗುರುಗುಟ್ಟಿತು. ಆಗ ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು, ಚಂಗನೆ ಹತ್ತಿ ಅವನ ಪಕ್ಕದಲ್ಲಿ ಕುಳಿತಳು. ಈ ಸಲ ನಡುವೆ ಇಡಲು ಹೋದ ಬ್ಯಾಗನ್ನು ಕಸಿದು ತನ್ನ ಮಡಿಲಿಗೆ ಹಾಕಿಕೊಂಡಳು.

ಎಲ್ಲಿಗೆ ಎಂದು ಅವನು ಬೆರಗಾಗಿ ಕೇಳಿದ.

"ತಿಕೋಟಾ ತನಕ," ಎಂದಳು ಶೈಲಶ್ರೀ. "ಬೈಯೂದು ಇನ್ನೂ ಮುಗದಿಲ್ಲ."